ಮಗುವಿಗೆ ಊಟ ಶುರು ಮಾಡುವುದು ಹೇಗೆ: ಮೊದಲ ಚಮಚ ರಾಗಿ ಸರಿಯಿಂದ ತಾನೇ ಎತ್ತಿ ತಿನ್ನುವ ಇಡ್ಲಿವರೆಗೆ

ಮಗುವಿಗೆ ಐದು ತಿಂಗಳು ದಾಟಿದರೆ ಸಾಕು, ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನು ಕೊಡ್ತಿದೀರಾ?" ಒಬ್ಬರು ಬೇಳೆ ಕಟ್ಟು ಕೊಡಿ ಅನ್ನುತ್ತಾರೆ, ಇನ್ನೊಬ್ಬರು ಗಂಜಿ ತಿಳಿ, ಮತ್ತೊಬ್ಬರು ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ಕೊಡಿ ಅನ್ನುತ್ತಾರೆ. ಎಲ್ಲರದ್ದೂ ಪ್ರೀತಿಯ ಮಾತೇ. ಆದರೆ ನಮ್ಮ ಮನೆಗಳಲ್ಲಿ ಮಗುವಿನ ಊಟ ಶುರುವಾಗುವಾಗ ಆಗುವ ದೊಡ್ಡ ಎಡವಟ್ಟು ಇಲ್ಲೇ ಇದೆ. ಊಟ ತೀರಾ ನೀರಾಗಿರುತ್ತದೆ, ಅದರಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ, ಮತ್ತು ಮಗುವಿನ ಕೈಗೆ ಏನನ್ನೂ ಕೊಡುವುದಿಲ್ಲ. ಈ ಮೂರನ್ನು ಸರಿ ಮಾಡಿಕೊಂಡರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ. ಹಾಗಾಗಿ ಈ ಮೂರರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಯಾವಾಗ ಶುರು ಮಾಡಬೇಕು

ಆರು ತಿಂಗಳು ತುಂಬಿದ ಮೇಲೆ, ಅಂದರೆ ಸುಮಾರು 180 ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ನಮ್ಮ ಮಕ್ಕಳ ಡಾಕ್ಟರುಗಳು ಹೇಳುವುದೂ ಇದನ್ನೇ. ಅಲ್ಲಿಯವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲೇ ಬೇಕಾದಷ್ಟು ನೀರಿರುತ್ತದೆ.

ದಿನಗಳ ಲೆಕ್ಕದ ಜೊತೆ ಮಗುವನ್ನೂ ನೋಡಿ. ಒರಗಿಸಿ ಕೂರಿಸಿದರೆ ಕತ್ತು ನೆಟ್ಟಗೆ ನಿಲ್ಲುತ್ತದಾ? ಸಿಕ್ಕಿದ್ದನ್ನೆಲ್ಲ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತದಾ? ನೀವು ತಿನ್ನುವಾಗ ತಟ್ಟೆಯನ್ನೇ ದಿಟ್ಟಿಸಿ ನೋಡಿ, ಬಾಯಿ ತೆರೆಯುತ್ತದಾ? ಬಾಯಿಗಿಟ್ಟದ್ದನ್ನು ನಾಲಿಗೆ ಪ್ರತಿಸಲ ಹೊರಗೆ ತಳ್ಳುವುದು ಕಡಿಮೆಯಾಗಿದೆಯಾ? ಇಷ್ಟಿದ್ದರೆ ಮಗು ತಯಾರಿದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಲೆಕ್ಕ ಬೇರೆ, ಅದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ಮುಹೂರ್ತ ನೋಡಿ ಅನ್ನಪ್ರಾಶನ ಮಾಡುವವರು ಹೊರನಾಡಿಗೋ ಮನೆದೇವರ ಹತ್ತಿರವೋ ಹೋಗುತ್ತಾರೆ. ಸಂತೋಷದ ವಿಷಯ. ಆದರೆ ಆ ದಿನ ಸಿಕ್ಕಲಿಲ್ಲ, ಮೈಲಿಗೆ ಬಂತು, ಅಪ್ಪ ಊರಲ್ಲಿಲ್ಲ ಅಂತ ಏಳೆಂಟು ತಿಂಗಳವರೆಗೆ ಊಟ ಮುಂದೂಡಬೇಡಿ. ಆರು ತಿಂಗಳಾದ ಮೇಲೆ ಎದೆಹಾಲು ಒಂದೇ ಸಾಕಾಗುವುದಿಲ್ಲ. ಮನೆಯಲ್ಲಿ ಊಟ ಶುರು ಮಾಡಿ, ಶಾಸ್ತ್ರವನ್ನು ಆಮೇಲೆ ಮಾಡಿದರೂ ದೇವರು ಮುನಿಯುವುದಿಲ್ಲ.

ಮೊದಲ ಕೆಲವು ದಿನ

ಒಂದು ಹೊತ್ತು ಆರಿಸಿಕೊಳ್ಳಿ. ಬೆಳಗಿನ ಹೊತ್ತು ಒಳ್ಳೆಯದು, ಏನಾದರೂ ಮೈಗೆ ಒಗ್ಗದಿದ್ದರೆ ಹಗಲಲ್ಲೇ ಗೊತ್ತಾಗುತ್ತದೆ. ಮಗು ತೀರಾ ಹಸಿದು ಅಳುವಾಗಲೂ ಬೇಡ, ಹೊಟ್ಟೆ ತುಂಬ ಹಾಲು ಕುಡಿದ ಮೇಲೂ ಬೇಡ, ನಿದ್ದೆಗಣ್ಣಲ್ಲಂತೂ ಬೇಡವೇ ಬೇಡ.

ಕೂರಿಸುವ ರೀತಿ ಬಹಳ ಮುಖ್ಯ. ಬೆನ್ನು ನೆಟ್ಟಗಿರಬೇಕು. ಎತ್ತರದ ಕುರ್ಚಿ ಇಲ್ಲದಿದ್ದರೂ ಪರವಾಗಿಲ್ಲ, ನೆಲದ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅದರ ಬೆನ್ನಿಗೆ ನಿಮ್ಮ ಹೊಟ್ಟೆ ಆಸರೆಯಾಗಲಿ. ಹಳೆಯ ಪದ್ಧತಿಯಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಒಳಲೆಯಲ್ಲಿ (ಮಗುವಿಗೆ ಕುಡಿಸುವ ಮೂತಿಯಿರುವ ಪುಟ್ಟ ಪಾತ್ರೆ) ಸರಿ ಹೊಯ್ಯುತ್ತಿದ್ದರು. ಕೆಲವರು ಮೂಗು ಹಿಡಿದು ನುಂಗಿಸುವುದೂ ಉಂಟು. ಇದನ್ನು ದಯವಿಟ್ಟು ಬಿಟ್ಟುಬಿಡಿ. ಮಲಗಿದ ಮಗುವಿನ ಬಾಯಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಜೊತೆಗೆ ಹೊಯ್ಯಲು ಬರಬೇಕಾದರೆ ಸರಿಯನ್ನು ನೀರು ಮಾಡಲೇಬೇಕಾಗುತ್ತದೆ. ಬಾಟಲಿಗೆ ಸರಿ ಹಾಕಿ ನಿಪ್ಪಲ್ ತೂತು ದೊಡ್ಡದು ಮಾಡಿ ಕುಡಿಸುವುದೂ ಇದೇ ತಪ್ಪು. ಒಂದು ಬಟ್ಟಲು, ಒಂದು ಚಿಕ್ಕ ಚಮಚ, ಇಷ್ಟೇ ಸಾಕು. ಸ್ಟೀಲಿನದ್ದಾದರೂ ಆಯಿತು, ಅಂಚು ಚೂಪಾಗಿರಬಾರದು ಅಷ್ಟೆ.

ಚಮಚವನ್ನು ತುಟಿಯ ಹತ್ತಿರ ತಂದು ನಿಲ್ಲಿಸಿ. ಮಗು ತಾನೇ ಬಾಯಿ ಮುಂದೆ ತರಲಿ. ಮೊದಲ ದಿನ ಎರಡು ಚಮಚ ಒಳಗೆ ಹೋದರೆ ಅದೇ ದೊಡ್ಡದು. ಮುಖ ಕಿವಿಚಿದರೆ ರುಚಿ ಹಿಡಿಸಲಿಲ್ಲ ಎಂದು ತೀರ್ಮಾನಿಸಬೇಡಿ. ಅಷ್ಟು ದಿನ ಹಾಲು ಬಿಟ್ಟು ಬೇರೇನೂ ಕಾಣದ ನಾಲಿಗೆ ಅದು, ಬೆರಗಾಗುತ್ತದೆ ಅಲ್ವಾ?

ಎರಡು ಮೂರು ದಿನಕ್ಕೆ ಒಂದರಂತೆ ಹೊಸ ಪದಾರ್ಥ ಸೇರಿಸುತ್ತಾ ಹೋಗಿ. ಎದೆಹಾಲು ಮೊದಲಿನಂತೆಯೇ ನಡೆಯಲಿ. ಊಟ ಶುರುವಾಯಿತೆಂದು ಹಾಲು ಬಿಡಿಸುವುದಲ್ಲ, ಎರಡು ವರ್ಷ ಮತ್ತು ಆಮೇಲೂ ಕುಡಿಸಬಹುದು.

ನೀರಲ್ಲ, ಗಟ್ಟಿ

ಮಗುವಿನ ಹೊಟ್ಟೆ ಎಷ್ಟು ಹಿಡಿಸುತ್ತದೆ ಗೊತ್ತಾ? ಒಂದು ಕೆಜಿ ತೂಕಕ್ಕೆ ಸುಮಾರು 30 ಮಿಲಿ. ಎಂಟು ಕೆಜಿ ಮಗುವಾದರೆ 240 ಮಿಲಿ, ಒಂದು ದೊಡ್ಡ ಲೋಟದಷ್ಟು. ಅಷ್ಟು ಪುಟ್ಟ ಜಾಗವನ್ನು ಬೇಳೆ ಕಟ್ಟಿನಿಂದಲೋ ಗಂಜಿ ತಿಳಿಯಿಂದಲೋ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬೇಳೆ ಕಟ್ಟಿನಲ್ಲಿ ಸತ್ವವೆಲ್ಲ ಇಳಿದಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸತ್ವ ಇರುವುದು ತಳದಲ್ಲಿ ಕೂತ ಬೇಳೆಯಲ್ಲಿ. ಮೇಲಿನ ತಿಳಿಯಲ್ಲಿ ಬಹುಪಾಲು ನೀರೇ.

ಪರೀಕ್ಷೆ ಸುಲಭ. ಚಮಚದಲ್ಲಿ ತೆಗೆದುಕೊಂಡು ಸ್ವಲ್ಪ ಓರೆ ಮಾಡಿ. ನೀರಿನಂತೆ ಸುರಿದು ಹೋದರೆ ತೆಳು ಜಾಸ್ತಿಯಾಯಿತು. ಚಮಚದ ಮೇಲೆ ನಿಂತು, ನಿಧಾನಕ್ಕೆ ಜಾರಿದರೆ ಹದ ಸರಿಯಿದೆ. ಅನ್ನ ಬೇಳೆಯಾದರೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಚಮಚದ ಬೆನ್ನಿನಲ್ಲೋ ಕೈಯಲ್ಲೋ ಚೆನ್ನಾಗಿ ಮಸೆದು, ಅರ್ಧ ಚಮಚ ತುಪ್ಪ ಹಾಕಿ. ಮಗುವಿಗೆ ಕೊಬ್ಬು ಬೇಕು. ತುಪ್ಪ, ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಮನೆಯಲ್ಲಿ ಯಾವುದಿದೆಯೋ ಅದು.

ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುವುದನ್ನು ಮೊದಲ ಒಂದೆರಡು ವಾರಕ್ಕೆ ಮಾತ್ರ ಇಟ್ಟುಕೊಳ್ಳಿ. ನನ್ನ ಪ್ರಕಾರ ಅದೂ ಬೇಕಾಗಿಲ್ಲ, ಕೈಯಲ್ಲಿ ಮಸೆದರೆ ಸಾಕು. ಒಂಬತ್ತು ಹತ್ತು ತಿಂಗಳಾದರೂ ರುಬ್ಬಿದ್ದನ್ನೇ ತಿಂದ ಮಕ್ಕಳು ಮುಂದೆ ಒಂದಗುಳು ಸಿಕ್ಕಿದರೂ ವಾಕರಿಸುತ್ತವೆ. ಅಗಿಯುವುದು ಒಂದು ಕಲಿಕೆ, ಅದಕ್ಕೆ ಹಲ್ಲೇ ಬೇಕೆಂದಿಲ್ಲ. ವಸಡು ಎಷ್ಟು ಗಟ್ಟಿ ಎಂದು ನಿಮ್ಮ ಬೆರಳು ಕಚ್ಚಿಸಿಕೊಂಡವರಿಗೆ ಗೊತ್ತು.

ಎಷ್ಟು ಕೊಡಬೇಕು ಎಂಬುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ 2-3 ಸಲ, ಎರಡು ಮೂರು ದೊಡ್ಡ ಚಮಚದಿಂದ ಶುರುವಾಗಿ 250 ಮಿಲಿ ಬಟ್ಟಲಿನ ಅರ್ಧದವರೆಗೆ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅರ್ಧ ಬಟ್ಟಲು, ದಿನಕ್ಕೆ 3-4 ಸಲ, ನಡುವೆ ಹಸಿವಾದರೆ ಹಣ್ಣೋ ಇಡ್ಲಿಯೋ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಇದು ಅಂದಾಜು ಮಾತ್ರ. ಪಕ್ಕದ ಮನೆಯ ಮಗು ಒಂದು ಬಟ್ಟಲು ಖಾಲಿ ಮಾಡುತ್ತದೆಂದು ನಿಮ್ಮ ಮಗುವಿಗೆ ತುರುಕಬೇಡಿ.

ಮೊಳಕೆ ರಾಗಿ ಸರಿ, ಸರಿಯಾಗಿ

ಹಳೇ ಮೈಸೂರು ಕಡೆ ರಾಗಿ ಸರಿ, ಕರಾವಳಿಯಲ್ಲಿ ರಾಗಿ ಮಣ್ಣಿ. ಮಾಡುವ ರೀತಿ ಬೇರೆ ಬೇರೆ, ಧಾನ್ಯ ಒಂದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಅಂಗಡಿಯ ಡಬ್ಬಿ ಪುಡಿಗಿಂತ ಮನೆಯಲ್ಲಿ ಮಾಡಿದ್ದು ಎಷ್ಟೋ ಮೇಲು, ಖರ್ಚೂ ಕಡಿಮೆ.

ಅರ್ಧ ಕೆಜಿ ರಾಗಿ ತೆಗೆದುಕೊಳ್ಳಿ. ಕಲ್ಲು ಆರಿಸಿ, ತೊಳೆದ ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯಿರಿ. ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಮುಚ್ಚಿಡಿ. ಬಟ್ಟೆ ಒಣಗಿದ ಹಾಗೆ ಅನ್ನಿಸಿದರೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದು ದಿನಕ್ಕೇ ಬಿಳಿ ಮೊಳಕೆ ಇಣುಕುತ್ತದೆ, ಚಳಿಗಾಲದಲ್ಲಿ ಎರಡು ದಿನ ಬೇಕು. ಬಿಚ್ಚಿದಾಗ ಹಸಿ ಹುಲ್ಲಿನ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ, ಲೋಳೆಯಾಗಿದ್ದರೆ, ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ. ಮಳೆಗಾಲದಲ್ಲಿ ಹೀಗಾಗುವುದು ಜಾಸ್ತಿ.

ಆಮೇಲೆ ಬಿಳಿ ಬಟ್ಟೆಯ ಮೇಲೆ ಹರವಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿಯಿರಿ. ಘಮ ಬಂದ ಕೂಡಲೇ ಇಳಿಸಿ, ಕೆಂಪಗೆ ಹುರಿಯಬೇಡಿ. ಮೊಳಕೆ ಬರಿಸುವುದರಿಂದ ಹಿಟ್ಟಿಗೆ ಒಂದು ಗುಣ ಬರುತ್ತದೆ: ಅದರೊಳಗಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸರಿಯನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಾಕಿದರೂ ಮಗು ನುಂಗಬಲ್ಲದು. ಕಡಿಮೆ ಜಾಗದಲ್ಲಿ ಜಾಸ್ತಿ ಊಟ! ಜೋರಾಗಿ ಹುರಿದರೆ ಆ ಗುಣ ಹೋಗುತ್ತದೆ. ಮೊಳಕೆಯಿಂದ ಇನ್ನೊಂದು ಲಾಭವಿದೆ. ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡದ ಫೈಟೇಟ್ ಕಡಿಮೆಯಾಗುತ್ತದೆ.

ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಕೇರಿ, ಹಿಟ್ಟು ಮಾಡಿಸಿ. ಮಿಲ್ಲಿಗೆ ಒಯ್ಯುವುದಾದರೆ ಅದಕ್ಕೆ ಮುಂಚೆ ಅಲ್ಲಿ ಏನು ಬೀಸಿದ್ದಾರೆ ಕೇಳಿ, ಖಾರದಪುಡಿಯಾಗಿದ್ದರೆ ಬೇಡ. ಸ್ವಲ್ಪವೇ ಇದ್ದರೆ ಮನೆಯ ಮಿಕ್ಸಿ ಸಾಕು. ಮೊದಲ ತಿಂಗಳಿಗೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಮಾಮೂಲಿ ಜರಡಿಯೇ ಆಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ತಿಂಗಳಲ್ಲಿ ಮುಗಿಸಿ. ಒಂದೇ ಸಲ ಬಾದಾಮಿ, ಗೋಡಂಬಿ, ಪಿಸ್ತಾ, ಹತ್ತು ತರದ ಕಾಳು ಎಲ್ಲ ಸೇರಿಸಿ ಪುಡಿ ಮಾಡಿಸಬೇಡಿ. ಮಗುವಿಗೆ ಏನಾದರೂ ಒಗ್ಗದಿದ್ದರೆ ಯಾವುದರಿಂದ ಎಂದು ಗೊತ್ತೇ ಆಗುವುದಿಲ್ಲ.

ಕಾಯಿಸುವುದು ಹೀಗೆ. ಒಂದು ದೊಡ್ಡ ಚಮಚ ಹಿಟ್ಟನ್ನು ಕಾಲು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ. ಇನ್ನರ್ಧ ಲೋಟ ನೀರು ಕಾಯಲು ಇಟ್ಟು, ಅದಕ್ಕೆ ಇದನ್ನು ಹೊಯ್ದು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಆರೇಳು ನಿಮಿಷಕ್ಕೆ ಹಸಿ ವಾಸನೆ ಹೋಗಿ, ಬಣ್ಣ ಗಾಢವಾಗಿ, ಮೇಲೆ ಹೊಳಪು ಬರುತ್ತದೆ. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ ಬೇಕಾದ ಹದಕ್ಕಿಂತ ಕೊಂಚ ಸಡಿಲವಿದ್ದಾಗಲೇ ಇಳಿಸಿ. ತುಪ್ಪ ಹಾಕಿ. ತಣ್ಣಗಾದ ಮೇಲೆ ಎರಡು ಚಮಚ ಎದೆಹಾಲು ಬೆರೆಸಿದರೆ ಮಗುವಿಗೆ ಪರಿಚಿತ ರುಚಿ ಸಿಗುತ್ತದೆ. ಬೆಲ್ಲ ಬೇಡ. ಸಿಹಿ ಬೇಕೆನ್ನಿಸಿದರೆ ಮಾಗಿದ ಯಾಲಕ್ಕಿ ಬಾಳೆಹಣ್ಣು ಮಸೆದು ಹಾಕಿ.

ಹೊರದೇಶದಲ್ಲಿ ಚಳಿಗೆ ಮೊಳಕೆ ಬರುವುದೇ ಇಲ್ಲ ಎನ್ನುವವರು ಗಂಟನ್ನು ಓವನ್ನಿನೊಳಗೆ, ಬರೀ ಲೈಟ್ ಹಾಕಿ ಇಟ್ಟು ನೋಡಿ. ಅಷ್ಟು ಬೆಚ್ಚಗೆ ಸಾಕು.

ರಾಗಿ ಎಷ್ಟೇ ಒಳ್ಳೆಯದಾದರೂ ಮೂರು ಹೊತ್ತೂ ಅದೇ ಬೇಡ. ಒಂದು ಹೊತ್ತು ರಾಗಿ, ಇನ್ನೊಂದು ಹೊತ್ತು ಅನ್ನ ಬೇಳೆ ತರಕಾರಿ. ಮೂರು ಪಾಲು ಅಕ್ಕಿಗೆ ಒಂದು ಪಾಲು ಹೆಸರುಬೇಳೆ ಹಾಕಿ, ತೊಳೆದು ಒಣಗಿಸಿ, ಹುರಿದು, ರವೆಯ ಹಾಗೆ ಒಡೆದಿಟ್ಟುಕೊಂಡರೆ ಕೆಲಸಕ್ಕೆ ಹೋಗುವವರಿಗೆ ಬೆಳಗಿನ ಹೊತ್ತು ಸುಲಭ.

ಕಬ್ಬಿಣದ ಮಾತು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಮೂವರಲ್ಲಿ ಇಬ್ಬರು! ಇದು ಬಡವರ ಮನೆಯ ಕಥೆ ಮಾತ್ರ ಅಲ್ಲ. ಹುಟ್ಟುವಾಗ ಮಗು ಅಮ್ಮನಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಮಿದುಳು ಭರದಿಂದ ಬೆಳೆಯುವ ಕಾಲವೂ ಇದೇ. ಹಾಗಾಗಿ ಊಟದ ಮೊದಲ ಕೆಲಸವೇ ಕಬ್ಬಿಣ ಒದಗಿಸುವುದು. ಬರೀ ಅಕ್ಕಿ ಗಂಜಿ, ಸೇಬಿನ ಪ್ಯೂರಿ, ಕ್ಯಾರೆಟ್ ಪ್ಯೂರಿ ಎಂದು ತಿಂಗಳು ಕಳೆದರೆ ಅದು ಸಿಗುವುದಿಲ್ಲ.

ಮಾಂಸ ತಿನ್ನುವ ಮನೆಯಾದರೆ ದಾರಿ ಸುಲಭ. ಆರು ತಿಂಗಳಿನ ಆಚೆ ಚೆನ್ನಾಗಿ ಬೇಯಿಸಿದ ಕೋಳಿ, ಕೈಮಾ, ಮೊಟ್ಟೆ, ಮುಳ್ಳು ತೆಗೆದ ಮೀನು ಎಲ್ಲ ಕೊಡಬಹುದು. ವರ್ಷ ತುಂಬುವವರೆಗೆ ಕಾಯಬೇಕಿಲ್ಲ. ಕೋಳಿಯ ಲಿವರ್ ಅನ್ನು ವಾರಕ್ಕೊಮ್ಮೆ ಒಂದು ಚಿಕ್ಕ ತುಂಡು ಬೇಯಿಸಿ ಅನ್ನಕ್ಕೆ ಮಸೆದರೆ ಬಹಳ ಒಳ್ಳೆಯದು. ಆದರೆ ಮಾಂಸದ ಸಾರಿನ ನೀರನ್ನಷ್ಟೇ ಕೊಟ್ಟು ಮಾಂಸ ನೀವು ತಿಂದರೆ ಉಪಯೋಗವಿಲ್ಲ.

ಸಸ್ಯಾಹಾರಿಗಳು ಇನ್ನೂ ಸ್ವಲ್ಪ ಜಾಣತನದಿಂದ ಜೋಡಿಸಬೇಕು. ಹೆಸರುಬೇಳೆ, ತೊಗರಿಬೇಳೆ, ಮೊಳಕೆ ಕಾಳು, ಕಡಲೆ, ಎಳ್ಳು, ಸೊಪ್ಪು. ಇವುಗಳ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ ಜಾಸ್ತಿ ಹತ್ತುತ್ತದೆ. ಅಂದರೆ ಬೇಳೆ ಅನ್ನ ಆರಿದ ಮೇಲೆ ನಾಲ್ಕು ಹನಿ ನಿಂಬೆರಸ, ಬೇಳೆ ಬೇಯಿಸುವಾಗ ಒಂದು ಟೊಮೆಟೊ, ಊಟದ ಜೊತೆ ಪಪ್ಪಾಯಿಯೋ ಬೀಜ ತೆಗೆದ ಸೀಬೆಯ ತಿರುಳೋ. ಚಹಾ, ಕಾಫಿ ಒಂದು ಹನಿಯೂ ಬೇಡ, ಅವು ಕಬ್ಬಿಣಕ್ಕೆ ಅಡ್ಡ ಬರುತ್ತವೆ.

ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಖಾಸಗಿ ಡಾಕ್ಟರಿಗೆ ತೋರಿಸುವವರೂ ಈ ವಿಷಯ ನೀವಾಗಿ ಎತ್ತಿ ಕೇಳಿ. ಸಿರಪ್ ಕೊಟ್ಟಾಗ ಕಕ್ಕ ಕಪ್ಪಗಾಗುತ್ತದೆ, ಗಾಬರಿ ಬೇಡ.

ಮೊಟ್ಟೆ, ಶೇಂಗಾ, ಅಲರ್ಜಿ

ಮೊದಲೆಲ್ಲ ಇವನ್ನು ತಡ ಮಾಡಿ ಕೊಡಿ ಎನ್ನುತ್ತಿದ್ದರು. ಈಗ ಮಾತು ಬದಲಾಗಿದೆ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಎಂಬ ಅಧ್ಯಯನದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿದ್ದ ಮಕ್ಕಳಿಗೆ ಹಸುಗೂಸಿನಿಂದಲೇ ಶೇಂಗಾ ಕೊಟ್ಟಾಗ ಐದು ವರ್ಷದ ಹೊತ್ತಿಗೆ ಶೇಂಗಾ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಹಾಗಾಗಿ ತಡ ಮಾಡುವುದರಿಂದ ಲಾಭವಿಲ್ಲ.

ಕೊಡುವ ರೂಪ ಮಾತ್ರ ಮುಖ್ಯ. ಇಡೀ ಕಡಲೆಕಾಯಿ ಬೀಜ ಬೇಡವೇ ಬೇಡ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ, ಕಾಲು ಚಮಚವನ್ನು ಸರಿಯಲ್ಲಿ ಕದಡಿ ಕೊಡಿ. ಮೊಟ್ಟೆಯನ್ನು ಬಿಳಿ ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ, ಮಸೆದು, ಮೊದಲ ದಿನ ಒಂದೆರಡು ಚಮಚ. ಆಮೇಲೆ ಎರಡು ಗಂಟೆ ಮಗುವನ್ನು ಗಮನಿಸಿ. ಬಾಯಿ ಸುತ್ತ ಸ್ವಲ್ಪ ಕೆಂಪಾಗುವುದು ಟೊಮೆಟೊ ನಿಂಬೆಯಿಂದಲೂ ಆಗುತ್ತದೆ. ಆದರೆ ಮೈಮೇಲೆ ದದ್ದು ಎದ್ದರೆ, ತುಟಿ ಕಣ್ಣು ಊದಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಾಟದಲ್ಲಿ ಸುಯ್ ಅನ್ನುವ ಶಬ್ದ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಗುವಿಗೆ ಮೊದಲೇ ಜೋರಾದ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಕೈಗೆ ಕೊಡುವ ತಿಂಡಿ

ಫಿಂಗರ್ ಫುಡ್ ಅಂದರೆ ಏನೋ ಹೊಸದಲ್ಲ. ಅಜ್ಜಿ ತಟ್ಟೆಯ ಅಂಚಿಂದ ಇಡ್ಲಿಯ ಚೂರು ಮುರಿದು ಮಗುವಿನ ಕೈಗಿಡುತ್ತಿದ್ದಳಲ್ಲ, ಅದೇ. ಏಳೆಂಟು ತಿಂಗಳಿಗೆ, ಆಸರೆಯಿಲ್ಲದೆ ಕೂರುವ ಹೊತ್ತಿಗೆ ಶುರು ಮಾಡಬಹುದು. ಕೆಲವು ಮಕ್ಕಳು ಆರರಲ್ಲೇ ಚಮಚ ಕಸಿದುಕೊಳ್ಳುತ್ತವೆ. ಕಸಿದುಕೊಳ್ಳಲಿ ಬಿಡಿ, ನೀವು ಇನ್ನೊಂದು ಚಮಚ ಇಟ್ಟುಕೊಳ್ಳಿ.

ಎಲ್ಲದಕ್ಕೂ ಒಂದೇ ಪರೀಕ್ಷೆ: ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಒತ್ತಿ. ಹಿಸುಕಿ ಪೇಸ್ಟಿನಂತಾದರೆ ಕೊಡಬಹುದು. ಜಾರಿದರೆ, ಪುಟಿದರೆ, ಮುರಿದು ಗಟ್ಟಿ ಚೂರಾದರೆ ಬೇಡ.

ಆಕಾರ ವಯಸ್ಸಿಗೆ ತಕ್ಕಂತೆ ಬದಲಾಗಬೇಕು. ಏಳನೇ ತಿಂಗಳಲ್ಲಿ ಮಗು ಇಡೀ ಅಂಗೈಯಿಂದ ಮುಷ್ಟಿ ಕಟ್ಟಿ ಹಿಡಿಯುತ್ತದೆ. ಮುಷ್ಟಿಯೊಳಗೆ ಹೋದದ್ದನ್ನು ಬಾಯಿಗೆ ತರಲು ಗೊತ್ತಾಗುವುದಿಲ್ಲ. ಹಾಗಾಗಿ ತುಂಡು ನಿಮ್ಮ ಬೆರಳಿನಷ್ಟು ಉದ್ದ ದಪ್ಪ ಇರಲಿ, ಅರ್ಧ ಮುಷ್ಟಿಯಲ್ಲಿ, ಅರ್ಧ ಹೊರಗೆ. ಬೇಯಿಸಿದ ಸಿಹಿಗೆಣಸು, ಸಿಹಿಗುಂಬಳ, ಕ್ಯಾರೆಟ್, ಬೀಟ್‌ರೂಟ್, ಮಾಗಿದ ಪಪ್ಪಾಯಿ, ಉದ್ದಕ್ಕೆ ಸೀಳಿದ ಬಾಳೆಹಣ್ಣು, ಮೆತ್ತನೆಯ ದೋಸೆಯ ಪಟ್ಟಿ, ಮೊಟ್ಟೆ ಆಮ್ಲೆಟ್ಟಿನ ಪಟ್ಟಿ, ಮೃದುವಾದ ಪನೀರ್. ಬೀಟ್‌ರೂಟ್ ಕೊಟ್ಟ ಮಾರನೆಯ ದಿನ ಕಕ್ಕ ಕೆಂಪಾಗಿ ಕಂಡರೆ ಹೆದರಬೇಡಿ. ಬಾಳೆಹಣ್ಣು ಕೈಯಿಂದ ಜಾರುತ್ತಿದ್ದರೆ ಹುರಿದ ರಾಗಿ ಹಿಟ್ಟಿನಲ್ಲಿ ಒಮ್ಮೆ ಹೊರಳಿಸಿ ಕೊಡಿ, ಹಿಡಿತ ಸಿಗುತ್ತದೆ.

ಒಂಬತ್ತು ತಿಂಗಳ ಸುಮಾರಿಗೆ ನೆಲದ ಮೇಲೆ ಬಿದ್ದ ಕೂದಲೆಳೆಯನ್ನೂ ಮಗು ಎರಡು ಬೆರಳಿನಲ್ಲಿ ಹೆಕ್ಕಲು ಶುರು ಮಾಡುತ್ತದೆ. ಅದೇ ಸೂಚನೆ. ಈಗ ತುಂಡು ಚಿಕ್ಕದಾಗಲಿ, ಕಡಲೆಕಾಳಿನಷ್ಟು. ಇಡ್ಲಿ ಇದಕ್ಕೆ ಹೇಳಿ ಮಾಡಿಸಿದ ತಿಂಡಿ: ಮೆತ್ತಗಿರುತ್ತದೆ, ಹುದುಗು ಬಂದಿರುತ್ತದೆ, ಅಕ್ಕಿ ಉದ್ದು ಎರಡೂ ಇರುತ್ತವೆ. ಒಂದು ಇಡ್ಲಿಯನ್ನು ಚೂರು ಮಾಡಿ ತಟ್ಟೆಗೆ ಹಾಕಿ, ಖಾರವಿಲ್ಲದ ಬೇಳೆಯಲ್ಲಿ ಒಂಚೂರು ತೇವ ಮಾಡಿ, ಮಗುವಿನ ಮುಂದಿಟ್ಟು ಸುಮ್ನೆ ಕೂತು ನೋಡಿ. ಮೊದಲು ಇಡೀ ಕೈಯಿಂದ ಬಳಿಯುತ್ತದೆ. ಒಂದು ಚೂರು ಬೆರಳಿಗೆ ಅಂಟುತ್ತದೆ. ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತದೆ, ಬಾಯಿಗೆ ತರುತ್ತದೆ, ಕೆನ್ನೆಗೆ ಹತ್ತಿಸಿಕೊಳ್ಳುತ್ತದೆ. ಇನ್ನೊಂದು ಚೂರಿನ ಹತ್ತಿರ ಹೆಬ್ಬೆರಳು ತೋರುಬೆರಳು ಎರಡೇ ಇಳಿಯುತ್ತವೆ. ಎತ್ತುತ್ತದೆ, ಬೀಳುತ್ತದೆ, ಮತ್ತೆ ಎತ್ತುತ್ತದೆ. ಈ ಹೊತ್ತಿನಲ್ಲಿ ಕೈ ಒರೆಸಲು ಹೋಗಬೇಡಿ. ನೆಲಕ್ಕೆ ಒಂದು ಹಳೆಯ ಸೀರೆ ಹಾಸಿಕೊಂಡರೆ ಆಯಿತು.

ಖಾರ ಹಾಕದ ನುಚ್ಚಿನುಂಡೆ, ಕಡುಬು, ತುಪ್ಪದ ಕೈಯಲ್ಲಿ ಮಾಡಿದ ಮೃದು ಅನ್ನದ ಉಂಡೆ, ಬೇಳೆಯಲ್ಲಿ ನೆನೆದ ಚಪಾತಿ, ಬಿಸಿ ಆರಿದ ರಾಗಿ ಮುದ್ದೆಯ ಚಿಕ್ಕ ಚಿಕ್ಕ ಚೂರು, ಚೆನ್ನಾಗಿ ಬೆಂದು ಹಿಸುಕಿದ ಅವರೆಕಾಳು, ಇವೆಲ್ಲ ಹತ್ತು ತಿಂಗಳಿಂದಾಚೆಗೆ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಮಗುವಿಗೆ ದೊಡ್ಡ ತುತ್ತು ಮಾಡಬೇಡಿ, ಬೇಳೆಯಲ್ಲಿ ಸಡಿಲ ಮಾಡಿಯೇ ಕೊಡಿ.

ಇನ್ನು ಕೊಡಲೇಬಾರದವು: ಇಡೀ ಕಡಲೆಕಾಯಿ, ಗೋಡಂಬಿ, ಹುರಿಗಡಲೆ, ಪಾಪ್‌ಕಾರ್ನ್, ಚಕ್ಕುಲಿ ಕೋಡುಬಳೆಯ ಗಟ್ಟಿ ಚೂರು, ಹಸಿ ಕ್ಯಾರೆಟ್, ಹಸಿ ಸೇಬಿನ ಹೋಳು, ಪೆಪ್ಪರ್‌ಮಿಂಟು, ಇಡೀ ದ್ರಾಕ್ಷಿ. ದ್ರಾಕ್ಷಿಯಾದರೆ ಉದ್ದಕ್ಕೆ ನಾಲ್ಕು ಸೀಳು. ಸೀತಾಫಲ, ಸಪೋಟ, ಕಿತ್ತಳೆಯ ಬೀಜ ಒಂದೂ ಉಳಿಯದಂತೆ ತೆಗೆಯಿರಿ. ಹುಣಸೆ ಬೀಜ, ಒಗ್ಗರಣೆಯ ಸಾಸಿವೆ ಕಡಲೆಬೇಳೆ ನೆಲದ ಮೇಲೆ ಬಿದ್ದಿರುತ್ತವೆ, ತೆವಳುವ ಮಗು ಇರುವ ಮನೆಯಲ್ಲಿ ದಿನಕ್ಕೆರಡು ಸಲ ಗುಡಿಸಬೇಕು. ಇಡೀ ಬೀಜಗಳು ಐದು ವರ್ಷದವರೆಗೂ ಬೇಡ.

ವಾಕರಿಕೆ ಬೇರೆ, ಗಂಟಲಿಗೆ ಸಿಕ್ಕಿಕೊಳ್ಳುವುದು ಬೇರೆ

ಕೈಗೆ ತಿಂಡಿ ಕೊಡಲು ಎಲ್ಲರೂ ಹೆದರುವುದು ಇದಕ್ಕೇ. ವ್ಯತ್ಯಾಸ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ವಾಕರಿಸುವಾಗ ಮಗುವಿನ ಮುಖ ಕೆಂಪಾಗುತ್ತದೆ, ನಾಲಿಗೆ ಹೊರಗೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುವ ಶಬ್ದ ಬರುತ್ತದೆ. ಇದು ಮೈಯ ರಕ್ಷಣೆ. ಕೂಗಾಡದೆ ಪಕ್ಕದಲ್ಲಿರಿ, ತಾನೇ ಸರಿ ಮಾಡಿಕೊಳ್ಳುತ್ತದೆ. ಬೆರಳು ಹಾಕಿ ತೆಗೆಯಲು ಹೋದರೆ ತುಂಡು ಇನ್ನೂ ಒಳಗೆ ಹೋಗಬಹುದು.

ನಿಜವಾಗಿ ಸಿಕ್ಕಿಕೊಂಡರೆ ಶಬ್ದವೇ ಇರುವುದಿಲ್ಲ. ಅಳಲು ಆಗುವುದಿಲ್ಲ, ಕೆಮ್ಮಲು ಆಗುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ಒಂದು ಕ್ಷಣವೂ ತಡ ಮಾಡದೆ ಹೀಗೆ ಮಾಡಿ. ಮಗುವನ್ನು ನಿಮ್ಮ ಮುಂಗೈಯ ಮೇಲೆ ಬೋರಲಾಗಿ ಮಲಗಿಸಿ, ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ನಿಮ್ಮ ಬೆರಳಿನ ಆಸರೆ ಇರಲಿ. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲಮೂಳೆಗಳ ನಡುವೆ 5 ಸಲ ಗಟ್ಟಿಯಾಗಿ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ, ಮೊಲೆತೊಟ್ಟುಗಳ ಗೆರೆಗಿಂತ ಕೊಂಚ ಕೆಳಗೆ 5 ಸಲ ಒತ್ತಿ. ತುಂಡು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಜೊತೆಯಲ್ಲಿದ್ದವರು 108ಕ್ಕೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಮಗುವಿನ ಹೊಟ್ಟೆ ಒತ್ತಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಮಗುವಿಗೆ ಎಚ್ಚರ ತಪ್ಪಿದರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು. ಊಟ ಶುರು ಮಾಡುವ ಮುಂಚೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ, ಅಜ್ಜ ಅಜ್ಜಿ ಕೆಲಸದವರು ಸೇರಿ, ಒಂದು ಗೊಂಬೆಯ ಮೇಲೆ ಇದನ್ನು ಮಾಡಿ ಕಲಿಯಿರಿ. ದಯವಿಟ್ಟು ಕಲಿಯಿರಿ.

ತಿನ್ನುವಾಗ ಮಗು ಕೂತೇ ಇರಬೇಕು, ದೊಡ್ಡವರೊಬ್ಬರು ಎದುರಿಗಿರಬೇಕು. ಓಡುವ ಕಾರಿನಲ್ಲಿ, ತೆವಳುವಾಗ, ನಗಿಸುತ್ತಾ, ತಿನ್ನಿಸುವುದು ಬೇಡ.

ಒಂದು ವರ್ಷದೊಳಗೆ ಬೇಡ

ಜೇನುತುಪ್ಪ ಬೇಡ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದೂ ಬೇಡ. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಹಸುಗೂಸಿನ ಕರುಳಿಗೆ ಅವನ್ನು ತಡೆಯುವ ಶಕ್ತಿ ಬಂದಿರುವುದಿಲ್ಲ. ಕಾಯಿಸಿದರೂ ಅವು ಸಾಯುವುದಿಲ್ಲ.

ಉಪ್ಪು ಬೇಡ, ಮಗುವಿನ ಮೂತ್ರಪಿಂಡ ಇನ್ನೂ ಎಳೆಯದು. ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸಿದ್ದು ಮಗುವಿಗೆ ಸಪ್ಪೆಯಲ್ಲ. ಸಕ್ಕರೆ ಬೆಲ್ಲ ಎರಡು ವರ್ಷದವರೆಗೆ ದೂರವಿದ್ದಷ್ಟೂ ಒಳ್ಳೆಯದು. ಬಿಸ್ಕತ್ತು ಅಂದರೆ ಮೈದಾ ಸಕ್ಕರೆ ಎಣ್ಣೆ, ಅಷ್ಟೇ. ಹಸುವಿನ ಹಾಲನ್ನು ಕುಡಿಯುವ ಹಾಲಾಗಿ ವರ್ಷ ತುಂಬುವವರೆಗೆ ಕೊಡಬೇಡಿ, ಕಬ್ಬಿಣ ಕಡಿಮೆ, ಕರುಳಿಂದ ಕಣ್ಣಿಗೆ ಕಾಣದಷ್ಟು ರಕ್ತ ಹೋಗುವಂತೆಯೂ ಮಾಡಬಹುದು. ಮೊಸರು ಕೊಡಬಹುದು. ಹಣ್ಣಿನ ರಸ ಬೇಡ, ಹಣ್ಣೇ ಕೊಡಿ.

ಅತ್ತೆ, ಅಮ್ಮ, ಅಜ್ಜಿಯರ ಜೊತೆ ಇದೇ ವಿಷಯಕ್ಕೆ ಜಗಳ ಆಗುವುದುಂಟು. "ನಿಮ್ಮನ್ನೆಲ್ಲ ಬೆಳೆಸಲಿಲ್ವಾ?" ಎಂಬ ಮಾತು ಬಂದೇ ಬರುತ್ತದೆ. ಜೇನು ಮತ್ತು ಇಡೀ ಬೀಜ, ಈ ಎರಡರಲ್ಲಿ ಮಾತ್ರ ಪಟ್ಟು ಬಿಡಬೇಡಿ. ಅನ್ನಪ್ರಾಶನದ ದಿನ ಒಂದು ಚೂರು ಪಾಯಸ ತುಟಿಗೆ ತಾಕಿಸಿದರು ಎಂದು ಮನಸ್ತಾಪ ಮಾಡಿಕೊಳ್ಳುವ ಅಗತ್ಯವಿಲ್ಲ. ಮೊಳಕೆ ಕಟ್ಟುವುದು, ರಾಗಿ ಹದ ನೋಡುವುದನ್ನು ಅವರ ಕೈಗೇ ಕೊಡಿ, ಅವರಷ್ಟು ಚೆನ್ನಾಗಿ ಅದು ಬೇರೆಯವರಿಗೆ ಬರುವುದಿಲ್ಲ.

ತಿನ್ನುವುದಿಲ್ಲ ಎಂದರೆ

ಮುಖ ತಿರುಗಿಸಿದರೆ, ಬಾಯಿ ಬಿಗಿದರೆ, ಚಮಚ ತಳ್ಳಿದರೆ ಊಟ ಮುಗಿಯಿತು ಎಂದರ್ಥ. ಎತ್ತಿಡಿ. ಮತ್ತೆ ಒಂದೆರಡು ಗಂಟೆ ಬಿಟ್ಟು ಕೊಡಿ. ಇವತ್ತು ಉಗುಳಿದ ಸಿಹಿಗುಂಬಳವನ್ನು ನಾಲ್ಕು ದಿನ ಬಿಟ್ಟು ಮತ್ತೆ ಇಡಿ, ಇನ್ನೊಮ್ಮೆ ಇಡಿ. ಹತ್ತು ಸಲ ಕಂಡ ಮೇಲೆ ಒಪ್ಪಿಕೊಳ್ಳುವ ಮಕ್ಕಳು ಬಹಳ. ಮೊಬೈಲ್ ತೋರಿಸಿ ತಿನ್ನಿಸುವುದು ಮಾತ್ರ ಶುರುವನ್ನೇ ಮಾಡಬೇಡಿ. ಪರದೆ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಚಂದಮಾಮ ತೋರಿಸಿ, ಕಾಗೆ ತೋರಿಸಿ, ಮಾತಾಡಿಸಿ. ಎಲ್ಲಕ್ಕಿಂತ ಒಳ್ಳೆಯದು, ನಿಮ್ಮ ಊಟದ ಹೊತ್ತಿಗೇ ಪಂಕ್ತಿಯಲ್ಲಿ ಕೂರಿಸಿಕೊಳ್ಳಿ.

ಶುಚಿಯ ವಿಷಯ ಚಿಕ್ಕದಾಗಿ: ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಮಾಡಿದ್ದನ್ನು ಎರಡು ಗಂಟೆಯೊಳಗೆ ತಿನ್ನಿಸಿ. ಮಗು ಎಂಜಲು ಮಾಡಿದ್ದನ್ನು ಎತ್ತಿಟ್ಟು ಮತ್ತೆ ಕೊಡಬೇಡಿ. ಕಾಯಿಸಿ ಆರಿಸಿದ ನೀರನ್ನು ಪುಟ್ಟ ಲೋಟದಲ್ಲಿ ಒಂದೆರಡು ಗುಟುಕು ಊಟದ ಜೊತೆ ಕೊಡಿ.

ಊಟ ಶುರುವಾದಾಗ ಕಕ್ಕ ಗಟ್ಟಿಯಾಗುವುದು ಮಾಮೂಲು. ಪಪ್ಪಾಯಿ, ನೆನೆಸಿ ಮಸೆದ ಒಣದ್ರಾಕ್ಷಿ, ಸೊಪ್ಪು, ನೀರು ಜಾಸ್ತಿ ಮಾಡಿ. ಭೇದಿಯಾದರೆ ಊಟ ನಿಲ್ಲಿಸಬೇಡಿ. ಎದೆಹಾಲು, ಓಆರ್‌ಎಸ್, ಮೆತ್ತನೆಯ ಅನ್ನ ಬೇಳೆ ಸ್ವಲ್ಪ ಸ್ವಲ್ಪವಾಗಿ ಕೊಡಿ, ಜಿಂಕ್ ಬಗ್ಗೆ ಡಾಕ್ಟರನ್ನು ಕೇಳಿ. ಹುಷಾರಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಜಾಸ್ತಿ ತಿನ್ನಿಸಿದರೆ ಇಳಿದ ತೂಕ ವಾಪಸು ಬರುತ್ತದೆ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲೋ ಕ್ಲಿನಿಕ್ಕಿನಲ್ಲೋ ತೂಕ ಮಾಡಿಸಿ, ತಾಯಿ ಕಾರ್ಡಿನ ಬೆಳವಣಿಗೆ ಗೆರೆಯ ಮೇಲೆ ಗುರುತು ಹಾಕಿಸಿ. ಮಗು ಸಣ್ಣಗಿದೆಯೋ ದಪ್ಪಗಿದೆಯೋ ಎಂದು ನೆಂಟರು ಹೇಳುವುದಕ್ಕಿಂತ ಆ ಗೆರೆ ನಂಬಿ. ಎರಡು ತಿಂಗಳು ತೂಕ ಏರದಿದ್ದರೆ, ನುಂಗುವಾಗ ಪ್ರತಿಸಲ ಕೆಮ್ಮಿದರೆ, ಒಂಬತ್ತು ತಿಂಗಳಾದರೂ ಸರಿ ಬಿಟ್ಟು ಬೇರೇನೂ ಬಾಯಿಗೆ ಸೇರದಿದ್ದರೆ, ಮುಖ ಬಿಳಿಚಿಕೊಂಡು ಆಟದಲ್ಲಿ ಮಂಕಾಗಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಬೇಕಾ ಎಂದು ನೀವಾಗಿ ಕೇಳಿ.